ಕೊಡದ ಕೈಯ ತರ್ಕ

ನಂಜನಗೂಡಿನಲ್ಲಿ ಕಪಿಲೆಯ ಸ್ನಾನಘಟ್ಟದಿಂದ ಶ್ರೀಕಂಠೇಶ್ವರನ ಸನ್ನಿಧಿಗೆ ಬರುವ ದಾರಿಯ ಮಗ್ಗುಲಲ್ಲಿ, ಸೋಮವಾರಗಳಂದೂ ಹುಣ್ಣಿಮೆಗಳಂದೂ, ಮುಂದೊಂದು ಬಟ್ಟೆಯನ್ನೋ ತಟ್ಟೆಯನ್ನೋ ಇರಿಸಿಕೊಂಡು ಸಾಲಾಗಿ ಕುಳಿತಿರತಕ್ಕ ಜನರನ್ನು ಆ ಕ್ಷೇತ್ರಕ್ಕೆ ಹೋಗಿಬಂದವರೆಲ್ಲರೂ ಕಂಡಿರುತ್ತಾರೆ. ಕಳೆದ ವರ್ಷ ದೊಡ್ಡ ಜಾತ್ರೆಗೆ ಇನ್ನೂ ಒಂದು ವಾರವಿರುವಾಗ ನಾನು ಆ ದಾರಿಯಲ್ಲಿ ಬರುತ್ತಿದ್ದೆ. ನನ್ನ ಮುಂದೆ, ಆಗತಾನೇ ಮುಡಿ ಕೊಟ್ಟು ಬೋಳುತಲೆಗೆ ಗಂಧ ಹಚ್ಚಿಸಿಕೊಂಡಿದ್ದ ಆರೇಳು ವರ್ಷದ ಹುಡುಗನೊಬ್ಬ ತಂದೆಯ ಕೈ ಹಿಡಿದು ನಡೆಯುತ್ತಿದ್ದ. ಅವನ ಇನ್ನೊಂದು ಮುಷ್ಟಿಯಲ್ಲಿ ಐದು ರೂಪಾಯಿಯ ನಾಣ್ಯವೊಂದಿತ್ತು. ಸಾಲಿನ ಕೊನೆಯಲ್ಲಿದ್ದ ಅಜ್ಜಿಯೊಬ್ಬರ ಎದುರು ಅವನು ನಿಂತು, ಆ ನಾಣ್ಯವನ್ನು ಅವರ ಸೊಟ್ಟಗಾದ ಅಲ್ಯೂಮಿನಿಯಂ ತಟ್ಟೆಗೆ ಹಾಕಲು ಬಾಗಿದ. ತಂದೆ ಅವನ ತೋಳನ್ನು ಹಿಡಿದೆಳೆದು, “ಬೇಡ ಮರಿ, ಕೊಟ್ರೆ ಇವ್ರಿಗೆ ಅದೇ ಅಭ್ಯಾಸ ಆಗೋಗುತ್ತೆ” ಎಂದರು. ಅಜ್ಜಿ ತಟ್ಟೆಯನ್ನು ತಮ್ಮ ಕಡೆಗೆ ತುಸು ಸರಿಸಿಕೊಂಡು, “ಹೋಗ್ಲಿ ಬುಡು ಕಂದ, ಅಪ್ಪಾರು ಬಯ್ತಾರ” ಎಂದರು. ಹುಡುಗ ನಾಣ್ಯವನ್ನು ಹಿಡಿದುಕೊಂಡೇ ತಿರುತಿರುಗಿ ನೋಡುತ್ತ ಹೋದ.

ಆ ತಂದೆಯನ್ನು ನಾನು ನಿರ್ದಯರೆಂದು ಹೇಳಲಾರೆ. ಮಗನ ಹರಕೆಯನ್ನು ತೀರಿಸಲು ಎಲ್ಲಿಂದಲೋ ಬಂದವರು. ಅಂದು ದೇವರ ಹುಂಡಿಗೆ ಅವರೂ ಕೈಲಾದಷ್ಟನ್ನು ಹಾಕಿರಬೇಕು, ಮತ್ತು ಹಾಕಿದ ಹಣ ಏನಾಗುವುದೆಂದು ಯಾರನ್ನೂ ಕೇಳಿರಲಾರರು. ಅವರ ಬಾಯಿಂದ ಹೊರಟ ಮಾತು ಅವರು ಯೋಚಿಸಿ ಕಂಡುಕೊಂಡದ್ದಲ್ಲ. ಓದುಬರಹ ಬಲ್ಲ ನಮ್ಮ ವರ್ಗದಲ್ಲಿ ಬಹುಕಾಲದಿಂದ ಬಾಯಿಂದ ಬಾಯಿಗೆ ಸಾಗಿಬಂದು, ಈಗ ಯಾರೂ ಪ್ರಶ್ನಿಸದ ವಿವೇಕವಾಗಿ ನೆಲೆಗೊಂಡಿರುವ ಮಾತು. ಭಿಕ್ಷೆ ಹಾಕಿದರೆ ಭಿಕ್ಷುಕರು ಹೆಚ್ಚುತ್ತಾರೆ, ದುಡ್ಡು ಕೊಟ್ಟರೆ ಕುಡಿಯುತ್ತಾರೆ, ಅವರ ಹಿಂದೆ ದೊಡ್ಡ ಜಾಲವೇ ಇದೆ, ಮೈ ಬಗ್ಗಿಸಿ ದುಡಿಯಲೊಲ್ಲದವರು, ಕೊಡುವುದಿದ್ದರೆ ಯಾವುದಾದರೂ ಸಂಸ್ಥೆಗೆ ಕೊಡಿ, ಎಂಬಿಷ್ಟನ್ನು ಹೇಳಿಬಿಟ್ಟರೆ ಕೈಯನ್ನು ಜೇಬಿನೊಳಗೇ ಇರಿಸಿಕೊಂಡು ಮುಂದಕ್ಕೆ ಹೋಗುವುದಕ್ಕೆ ಬೇಕಾದ ಸಮಾಧಾನವೆಲ್ಲವೂ ದೊರೆತುಹೋಗುತ್ತದೆ. ಇತ್ತೀಚೆಗೆ ಈ ಮಾತು ಆಜ್ಞೆಯ ರೂಪವನ್ನೂ ತಾಳಿದೆ. ಮಧ್ಯಪ್ರದೇಶದ ಇಂದೋರ್ ನಗರದಲ್ಲಿ 2025ರ ಜನವರಿ 1ರಿಂದ ಭಿಕ್ಷೆ ಕೊಡುವವರ ಮೇಲೆಯೇ ಪೊಲೀಸ್ ಮೊಕದ್ದಮೆ ಹೂಡುವುದೆಂದು ಜಿಲ್ಲಾಡಳಿತ ಸಾರಿತು. ಕೆಲವೇ ವಾರಗಳಲ್ಲಿ ಭೋಪಾಲದಲ್ಲಿಯೂ ಅದೇ ಬಗೆಯ ಆಜ್ಞೆ ಹೊರಟಿತು. ನಮ್ಮಲ್ಲಿಯೂ ಹೀಗೆಯೇ ಆಗಬೇಕೆಂದು ಮೆಚ್ಚಿ ನುಡಿದವರನ್ನು ನಾನು ಟಿ. ನರಸೀಪುರದ ಬಸ್ ನಿಲ್ದಾಣದ ಕಲ್ಲುಬೆಂಚಿನ ಮೇಲೆ ಕುಳಿತು ಕೇಳಿದ್ದೇನೆ. ಈ ಅಭಿಪ್ರಾಯ ತಪ್ಪೆಂದೂ, ಕೊಡದವರ ಮನಸ್ಸಿಗೆ ನೆಮ್ಮದಿಯನ್ನು ಒದಗಿಸುತ್ತದೆಯೆಂಬ ಒಂದೇ ಕಾರಣದಿಂದ ಇದು ಇಷ್ಟು ದೀರ್ಘಾಯುವಾಗಿದೆಯೆಂದೂ ನಾನು ನಂಬಿದ್ದೇನೆ.

ಅಭ್ಯಾಸವೆಂದು ಹೇಳುವ ಮುನ್ನ ಆ ಸಾಲಿನಲ್ಲಿ ಇರುವವರು ಯಾರೆಂದು ಅವರ ಸಮಕ್ಕೆ ಕುಳಿತು ನೋಡಬೇಕು. ನಾನು ಅಂದು ಹಾಗೆಯೇ ಅರ್ಧ ಗಂಟೆ ಕುಳಿತೆ. ಹೆಚ್ಚಿನವರು ಎಪ್ಪತ್ತರ ಆಸುಪಾಸಿನ ಹೆಂಗಸರು. ಒಬ್ಬನ ಎರಡೂ ಕಾಲುಗಳು ಮಕ್ಕಳ ತೋಳಿನಷ್ಟು ಸಣ್ಣಗೆ ಸೊರಗಿದ್ದವು. ಗಾಲಿ ಹಚ್ಚಿದ ಹಲಗೆಯೇ ಅವನ ವಾಹನ. ಇನ್ನೊಬ್ಬರ ಕೈಬೆರಳುಗಳನ್ನು ಕುಷ್ಠ ಎಂದೋ ತಿಂದುಹಾಕಿತ್ತು. ರೋಗ ವಾಸಿಯಾಗಿತ್ತು, ಬೆರಳು ಮರಳಿರಲಿಲ್ಲ. ನಂಜುಂಡ ರೋಗಹರನೆಂಬ ನಂಬಿಕೆ ಈ ಸೀಮೆಯಲ್ಲಿ ಬಹು ಹಳೆಯದು; ಟಿಪ್ಪು ಸುಲ್ತಾನನು ಈ ದೇವರನ್ನು ಹಕೀಮ ನಂಜುಂಡನೆಂದು ಕರೆದನೆಂಬ ಐತಿಹ್ಯವನ್ನು ಊರಿನ ಮಕ್ಕಳೂ ಬಲ್ಲರು. ವೈದ್ಯರು ಕೈಬಿಟ್ಟವರು ನೂರಾರು ವರ್ಷಗಳಿಂದ ಇಲ್ಲಿಗೆ ಬಂದು ಉರುಳುಸೇವೆ ಮಾಡಿ, ಗುಣವಾದರೆ ಊರಿಗೆ ಮರಳಿ, ಆಗದಿದ್ದರೆ ಇಲ್ಲಿಯೇ ಉಳಿದುಕೊಳ್ಳುತ್ತ ಬಂದಿದ್ದಾರೆ. ಹಾಗೆ ಉಳಿದವರನ್ನು ಅಭ್ಯಾಸಬಲದಿಂದ ಕುಳಿತವರೆಂದು ಹೇಳುವುದು ಯಾವ ನ್ಯಾಯ?

ಆ ಅಜ್ಜಿಯೊಡನೆ ಮಾತನಾಡಿದೆ. ನರಸೀಪುರದ ಕಡೆಯ ಊರು. ಪ್ರಾಯದಲ್ಲಿ ನಾಟಿ, ಕಳೆ, ಕೊಯ್ಲು ಎಂದು ವರ್ಷದಲ್ಲಿ ಏಳೆಂಟು ತಿಂಗಳು ಕೂಲಿ ಸಿಗುತ್ತಿತ್ತಂತೆ. ಈಗ ಭತ್ತದ ಗದ್ದೆಗಳಿಗೆ ಕೊಯ್ಯುವ ಯಂತ್ರ ಬಂದಿದೆ, ಬಾಗಿ ನೆಡುವುದಕ್ಕೆ ಸೊಂಟ ಏಳುವುದಿಲ್ಲ. ಗಂಡ ತೀರಿ ಬಹಳ ವರ್ಷವಾಯಿತು, ಇದ್ದೊಬ್ಬ ಮಗನೂ ಹೋದ. ವೃದ್ಧಾಪ್ಯ ವೇತನ ಬರುವುದಿಲ್ಲವೇ ಎಂದು ಕೇಳಿದೆ. ಅವರು ಬಲಗೈಯ ಹೆಬ್ಬೆರಳನ್ನು ನನ್ನ ಕಣ್ಣಿನ ಹತ್ತಿರ ತಂದು, “ಬೆಳ್ಳು ಸವ್ದೋಗದ ಕನಪ್ಪ, ಮಿಸನ್ನು ಒಪ್ಪಲ್ಲ ಅಂತಾರ. ಮೂರು ತಿಂಗ್ಳಾಯ್ತು” ಎಂದರು. ಆ ಹೆಬ್ಬೆರಳು ಹೊಳೆಯ ಕಲ್ಲಿನಂತೆ ನುಣುಪಾಗಿತ್ತು. ಗೆರೆಗಳೆಲ್ಲವೂ ಐವತ್ತು ವರ್ಷದ ಕೆಸರಿನಲ್ಲಿಯೂ ಕುಡುಗೋಲಿನ ಹಿಡಿಯಲ್ಲಿಯೂ ಅಳಿಸಿಹೋಗಿದ್ದವು. ದುಡಿಯಲೊಲ್ಲದವರೆಂಬ ಮಾತನ್ನು ಇನ್ನು ಮುಂದೆ ಯಾರಾದರೂ ನನ್ನೆದುರು ಆಡಿದರೆ ನನಗೆ ಆ ಹೆಬ್ಬೆರಳು ಕಣ್ಣಿಗೆ ಕಟ್ಟುತ್ತದೆ. ದುಡಿದದ್ದಕ್ಕೆ ಅವರ ಬಳಿ ಉಳಿದಿದ್ದ ಸಾಕ್ಷಿಯೇ ಅದು, ಆ ಸಾಕ್ಷಿಯೇ ಅವರ ಗುರುತನ್ನು ಅಳಿಸಿತ್ತು. ಒಂದು ವೇಳೆ ವೇತನ ತಪ್ಪದೆ ಬಂದರೂ, ಅರವತ್ತೈದು ದಾಟಿದವರಿಗೆ ಸಂಧ್ಯಾ ಸುರಕ್ಷಾ ಯೋಜನೆಯಲ್ಲಿ ಸಲ್ಲುವುದು ತಿಂಗಳಿಗೆ 1,200 ರೂಪಾಯಿ, ದಿನಕ್ಕೆ 40. ಒಂದು ಹೊತ್ತಿನ ಸಾಧಾರಣ ಊಟಕ್ಕೂ ಎರಡು ಲೋಟ ಚಹಾಕ್ಕೂ ಅದು ಸರಿಹೋದೀತು, ಮಂಡಿನೋವಿನ ಮಾತ್ರೆಗೆ ಉಳಿಯದು.

ಕೊಡುವುದರಿಂದ ಬೇಡುವವರು ಹೆಚ್ಚುತ್ತಾರೆಂಬ ತರ್ಕವನ್ನು ಒಂದು ಸರಳ ಸಂಗತಿಯೊಡನೆ ಇಟ್ಟು ನೋಡೋಣ. ಈ ಎಂಟು ಹತ್ತು ವರ್ಷಗಳಲ್ಲಿ ಹಣ್ಣುಕಾಯಿಯ ಅಂಗಡಿಯಿಂದ ಹಿಡಿದು ಚುರುಮುರಿಯ ಗಾಡಿಯವರೆಗೆ ಎಲ್ಲೆಡೆ ಮೊಬೈಲಿನಿಂದಲೇ ಹಣ ಪಾವತಿಯಾಗತೊಡಗಿ, ಜನರ ಜೇಬಿನಲ್ಲಿ ನಾಣ್ಯಗಳೇ ಇಲ್ಲದಂತಾಗಿದೆ. ಹಿಂದೆ ಸುಳ್ಳಾಗಿ ಆಡುತ್ತಿದ್ದ “ಚಿಲ್ಲರೆ ಇಲ್ಲ” ಎಂಬ ಮಾತು ಇಂದು ನಿಜವಾಗಿದೆ. ಕೊಡುವಿಕೆಯೇ ಬೇಡುವಿಕೆಗೆ ಕಾರಣವಾಗಿದ್ದರೆ ತಟ್ಟೆಗೆ ಬೀಳುವ ನಾಣ್ಯ ಕಡಮೆಯಾದಂತೆ ಆ ಸಾಲೂ ಕರಗಬೇಕಾಗಿತ್ತು. ನಾನು ನಂಜನಗೂಡಿಗೆ ಹೋಗಿಬರತೊಡಗಿ ಬಹಳ ವರ್ಷಗಳಾದವು, ಸಾಲು ಕರಗಿದ್ದನ್ನು ಕಂಡಿಲ್ಲ. ಕುಳಿತವರು ಸಂಜೆ ಇನ್ನೂ ಹೆಚ್ಚು ಹೊತ್ತು ಕುಳಿತಿರುವುದನ್ನು ಕಂಡಿದ್ದೇನೆ.

ಕೊಟ್ಟರೆ ಜನ ಕೆಡುತ್ತಾರೆಂಬ ಈ ತತ್ತ್ವಕ್ಕೆ ಒಂದು ವಂಶಾವಳಿಯುಂಟು, ಅದನ್ನು ನಮ್ಮವರು ಮರೆತಿದ್ದಾರೆ. 1834ರಲ್ಲಿ ಇಂಗ್ಲೆಂಡಿನಲ್ಲಿ ಬಡವರ ಕಾನೂನನ್ನು ತಿದ್ದಿದವರು, ಪರಿಹಾರವನ್ನು ಆದಷ್ಟು ಕಠಿನವಾಗಿಯೂ ಅವಮಾನಕರವಾಗಿಯೂ ಮಾಡಿದರೆ ಮಾತ್ರ ಬಡವನು ಅದನ್ನು ಬಿಟ್ಟು ದುಡಿಮೆಗೆ ಹೋಗುವನೆಂದು ನಿಶ್ಚಯಿಸಿದರು. ಅದೇ ನಿಶ್ಚಯವನ್ನು ಹೊತ್ತು ಬಂದ ಅಧಿಕಾರಿಗಳ ಕೈಯಲ್ಲಿ ನಮ್ಮ ನಾಡು 1876ರಿಂದ 1878ರವರೆಗಿನ ಮಹಾಕ್ಷಾಮವನ್ನು ಅನುಭವಿಸಿತು. ಆಗ ಮೈಸೂರು ಸೀಮೆ ಇಂಗ್ಲಿಷ್ ಕಮಿಷನರುಗಳ ಆಳ್ವಿಕೆಯಲ್ಲಿತ್ತು. ಧಾತು, ಈಶ್ವರ ಸಂವತ್ಸರಗಳ ಆ ಬರವನ್ನು ನಮ್ಮ ಹಿರಿಯರು ಧಾತು ಈಶ್ವರದ ಬರವೆಂದೇ ಕರೆದು, ತಲೆಮಾರುಗಳ ತರುವಾಯವೂ ಅದರ ಹೆಸರೆತ್ತಿದಾಗ ದನಿ ತಗ್ಗಿಸುತ್ತಿದ್ದರು. ನೆರೆಯ ಮದರಾಸು ಪ್ರಾಂತದಲ್ಲಿ ಸರ್ ರಿಚರ್ಡ್ ಟೆಂಪಲ್ ಎಂಬ ಅಧಿಕಾರಿ 1877ರಲ್ಲಿ, ಪರಿಹಾರದ ಕೆಲಸಕ್ಕೆ ಬಂದವರ ಕೂಲಿಯನ್ನು ದಿನಕ್ಕೆ ಒಂದು ಪೌಂಡ್ ಧಾನ್ಯ ಮತ್ತು ಅದರ ಮೇಲೊಂದು ಅತ್ಯಲ್ಪ ಹಣಕ್ಕೆ ಇಳಿಸಿದನು. ಅಲ್ಲಿಯ ಆರೋಗ್ಯಾಧಿಕಾರಿ ಡಾಕ್ಟರ್ ಕಾರ್ನಿಷ್, ಇಷ್ಟರಿಂದ ದುಡಿಯುವ ಮನುಷ್ಯನ ದೇಹ ಉಳಿಯದೆಂದು ಪಟ್ಟುಹಿಡಿದು ವಾದಿಸಿದ ಮೇಲೆ ಅದು ತಿರುಗಿ ಏರಿತು. 1871ರ ಗಣತಿಯಲ್ಲಿ ಸುಮಾರು 50 ಲಕ್ಷವಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರ ಗಣತಿಯ ವೇಳೆಗೆ ಸುಮಾರು 42 ಲಕ್ಷಕ್ಕೆ ಇಳಿದಿತ್ತು. ಹೆಚ್ಚು ಕೊಟ್ಟದ್ದರಿಂದ ಆ ಜನ ಸತ್ತರೆಂದು ಯಾವ ಇತಿಹಾಸಕಾರನೂ ಬರೆದಿಲ್ಲ. ಧರ್ಮಾರ್ಥವಾಗಿ ಕೊಟ್ಟದ್ದು ಬಡವನ ಶೀಲವನ್ನು ಕೆಡಿಸೀತೆಂಬ ಚಿಂತೆ ಉಣ್ಣುವುದಕ್ಕೆ ಸಾಕಷ್ಟಿದ್ದವರ ಚಿಂತೆ. ಅಂದೂ ಹಾಗೆಯೇ ಇತ್ತು, ಇಂದೂ ಹಾಗೆಯೇ ಇದೆ.

ನಮ್ಮ ಶಾಸ್ತ್ರವೇ ಅಪಾತ್ರದಾನವನ್ನು ನಿಷೇಧಿಸಿಲ್ಲವೇ ಎಂದು ಕೇಳುವ ಹಿರಿಯರೂ ಉಂಟು. ದೇಶ, ಕಾಲ, ಪಾತ್ರಗಳನ್ನು ನೋಡಿ ಕೊಡಬೇಕೆಂಬ ಮಾತು ಭಗವದ್ಗೀತೆಯಲ್ಲಿಯೇ ಇದೆಯೆಂಬುದು ನಿಜ. ಆದರೆ ಗೋದಾನ, ಭೂದಾನ, ಸುವರ್ಣದಾನಗಳಿಗೆ ವಿದ್ಯೆಯನ್ನೂ ಆಚಾರವನ್ನೂ ಪರೀಕ್ಷಿಸುವ ಪರಂಪರೆಯೇ ಬೇರೆ, ಹಸಿದವನ ಎದುರಿನ ಪರಂಪರೆಯೇ ಬೇರೆ. ಅನ್ನಕ್ಕೆ ಹಸಿವೇ ಪಾತ್ರವೆಂಬುದನ್ನು ನಮ್ಮ ಅಜ್ಜಿಯಂದಿರು ಯಾವ ಗ್ರಂಥವನ್ನೂ ಓದದೆ ತಿಳಿದಿದ್ದರು. ತೈತ್ತಿರೀಯ ಉಪನಿಷತ್ತಿನಲ್ಲಿ ವಿದ್ಯೆ ಮುಗಿಸಿ ಮನೆಗೆ ಹೊರಟ ಶಿಷ್ಯನಿಗೆ ಆಚಾರ್ಯನು ಕೊಡುವ ಬುದ್ಧಿವಾದದಲ್ಲಿ, ಕೊಡುವಾಗ ಕೊಡುವವನ ಮನಸ್ಸು ಹೇಗಿರಬೇಕೆಂಬುದರ ವಿಚಾರವೇ ಪ್ರಧಾನವಾಗಿದೆ. ಶ್ರದ್ಧೆಯಿರಬೇಕು, ಲಜ್ಜೆಯಿರಬೇಕು, ಭಯವಿರಬೇಕು. ಆ ಪರೀಕ್ಷೆ ಕೊಡುವವನಿಗೆ. ನಾವು ಅದನ್ನು ತಿರುಗಿಸಿ, ನೆಲದ ಮೇಲೆ ಕುಳಿತವನನ್ನು ಪರೀಕ್ಷೆಗೆ ಒಡ್ಡಿ ಐದು ರೂಪಾಯಿಗೆ ಅವನಿಂದ ಚಾರಿತ್ರ್ಯದ ಪ್ರಮಾಣಪತ್ರವನ್ನು ಬೇಡುತ್ತೇವೆ.

ಶರಣರ ಕಾಯಕತತ್ತ್ವವನ್ನು ಭಿಕ್ಷುಕನ ತಲೆಯ ಮೇಲೆ ಕಲ್ಲಿನಂತೆ ಎತ್ತಿಹಾಕುವವರನ್ನು ಕಂಡಾಗ ನನಗೆ ಇನ್ನೂ ಹೆಚ್ಚಿನ ವ್ಯಥೆಯಾಗುತ್ತದೆ. ಕಾಯಕದ ಮಾತು ಬಂದಾಗ ನಮ್ಮವರು ಮೊದಲು ಹೆಸರಿಸುವುದು ಆಯ್ದಕ್ಕಿ ಮಾರಯ್ಯನನ್ನು. ಅವನ ಕಾಯಕ ಯಾವುದು? ಕಲ್ಯಾಣದಲ್ಲಿ ಶರಣರ ಮನೆಯಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದುಕೊಂಡು ತರುವುದು. ಉಳ್ಳವರ ಕೈಯಿಂದ ಬಿದ್ದದ್ದರಲ್ಲಿ ಅವನ ದಾಸೋಹ ನಡೆಯುತ್ತಿತ್ತು. ಒಂದು ದಿನ ಅವನು ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ ಹೆಂಡತಿ ಲಕ್ಕಮ್ಮ ಅವನನ್ನು ಗದರಿಸಿ, ಹೆಚ್ಚಾದದ್ದನ್ನು ಅಲ್ಲಿಯೇ ಸುರಿದು ಬರುವಂತೆ ಕಳುಹಿಸಿದಳೆಂಬ ಕಥೆಯನ್ನು ನಾವೆಲ್ಲರೂ ಪಾಠಪುಸ್ತಕಗಳಲ್ಲಿ ಓದಿದ್ದೇವೆ. ಲಕ್ಕಮ್ಮನ ಆ ಗದರಿಕೆ ತಟ್ಟತಕ್ಕದ್ದು ಅಗತ್ಯಕ್ಕಿಂತ ಹೆಚ್ಚಾಗಿ ಕೂಡಿಟ್ಟವರನ್ನು. ಆಯ್ದು ತಿನ್ನುವವನನ್ನು ಆಕೆ ಎಂದೂ ಹೀನಾಯವಾಗಿ ಕಾಣಲಿಲ್ಲ, ಅವಳ ಗಂಡನೇ ಆಯ್ದು ತರುವವನಾಗಿದ್ದನು.

ಆಯುವುದೆಂದರೆ ನನಗೆ ನಮ್ಮ ಗದ್ದೆಬಯಲಿನ ಹಕ್ಕಲು ನೆನಪಾಗುತ್ತದೆ. ಕೊಯ್ಲಾದ ಗದ್ದೆಯಲ್ಲಿ ಉದುರಿದ ತೆನೆಗಳನ್ನು ಆಯ್ದುಕೊಳ್ಳುವುದು ಇಲ್ಲದವರಿಗೆ ಬಿಟ್ಟ ಪಾಲಾಗಿತ್ತು. ಹಕ್ಕಲಾಯುವ ಹೆಂಗಸನ್ನು ಗದ್ದೆಯಿಂದ ಓಡಿಸಿದ ಒಕ್ಕಲಿಗನನ್ನು ಊರು ಒಳ್ಳೆಯವನೆಂದು ಕರೆಯುತ್ತಿರಲಿಲ್ಲ. ಸುಗ್ಗಿಯ ಕಣದಲ್ಲಿ ರಾಶಿಪೂಜೆ ಮುಗಿದು ಭತ್ತ ಮನೆಗೆ ಸಾಗುವ ಮೊದಲು, ಸೆರಗೊಡ್ಡಿ ಬಂದವರಿಗೂ ಜೋಳಿಗೆ ಹಿಡಿದು ಬಂದವರಿಗೂ ಮೊರದಿಂದ ಸುರಿಯುತ್ತಿದ್ದರು. ಶಂಖಜಾಗಟೆಯ ದಾಸಯ್ಯ, ಕಿನ್ನರಿಯ ಜೋಗಿ, ಡಮರುಗದ ಗೊರವ, ತಂಬೂರಿಯ ನೀಲಗಾರ, ಕಂಸಾಳೆಯ ದೇವರಗುಡ್ಡ, ಎಲ್ಲರೂ ಬಾಗಿಲಿಗೆ ಬರುತ್ತಿದ್ದರು. ಮಂಟೇಸ್ವಾಮಿಯ ಒಕ್ಕಲಾದ ನೀಲಗಾರರೂ ಮಾದಪ್ಪನ ಗುಡ್ಡರೂ ಭಿಕ್ಷೆಯನ್ನು ತಮ್ಮ ದೀಕ್ಷೆಯ ಅಂಗವಾಗಿಯೇ ಹೊತ್ತವರು. ಇಂದು ವಿಶ್ವವಿದ್ಯಾಲಯಗಳು ಅಚ್ಚು ಹಾಕಿಸಿ ಜನಪದ ಮಹಾಕಾವ್ಯಗಳೆಂದು ಹೆಮ್ಮೆಪಡುವ ಮಂಟೇಸ್ವಾಮಿಯ ಕಥೆಯೂ ಮಲೆಯ ಮಹದೇಶ್ವರನ ಕಥೆಯೂ, ಬೊಗಸೆ ರಾಗಿಯನ್ನು ಬೇಡಿ ಉಂಡ ಗಂಟಲುಗಳಲ್ಲಿ ತಲೆಮಾರಿನಿಂದ ತಲೆಮಾರಿಗೆ ಉಳಿದು ಬಂದವು. ಅಂದಿನ ಗೃಹಿಣಿಯರು ಭಿಕ್ಷೆ ಕೊಟ್ಟರೆ ಅಭ್ಯಾಸವಾದೀತೆಂದು ಬಾಗಿಲು ಹಾಕಿಕೊಂಡಿದ್ದರೆ ಆ ಕಾವ್ಯಗಳು ಇಂದು ನಮಗೆ ಎಲ್ಲಿ ಸಿಗುತ್ತಿದ್ದವು?

ಕೊಡಲಾರದ ದಿನ ನನ್ನ ತಾಯಿ ಹೇಳುತ್ತಿದ್ದ ಮಾತು ಇನ್ನೂ ನನ್ನ ಕಿವಿಯಲ್ಲಿದೆ: “ಕೈ ಖಾಲಿ ಇಲ್ಲಪ್ಪ, ಮುಂದಕ್ಕೋಗು.” ಮೈಸೂರು ಸೀಮೆಯ ಮನೆಮನೆಯ ಮಾತು ಅದು. ಇಲ್ಲವೆಂಬ ಶಬ್ದವನ್ನು ಕೊಡುವುದರ ವಿಷಯಕ್ಕೆ ಹಚ್ಚದೆ ಕೈ ಬಿಡುವಾಗಿಲ್ಲವೆಂಬುದಕ್ಕೆ ಹಚ್ಚಿ, ತಪ್ಪನ್ನು ತನ್ನ ಕೈಯ ಮೇಲೆಯೇ ಹಾಕಿಕೊಂಡು, ಮುಂದಿನ ಮನೆಯಲ್ಲಿ ಸಿಗುವುದೆಂಬ ಭರವಸೆಯನ್ನೂ ಅದರಲ್ಲಿಯೇ ಸೇರಿಸಿ ಆಡುವ ಮಾತು. ಕೊಡದಿರುವುದು ಆಗಲೂ ಇತ್ತು. ಎಲ್ಲರಿಗೂ ಎಲ್ಲ ದಿನವೂ ಕೊಡುವಷ್ಟು ಯಾರ ಮನೆಯಲ್ಲಿತ್ತು? ಆದರೆ ಕೊಡದಿದ್ದುದಕ್ಕೆ ಬೇಡಿದವನನ್ನೇ ಅಪರಾಧಿಯನ್ನಾಗಿ ಮಾಡುವ ತತ್ತ್ವವನ್ನು ಅವರು ಕಟ್ಟಿರಲಿಲ್ಲ. ಇಂದು ಕೈ ಚಾಚಿದವನ ಕಡೆ ಕಣ್ಣೆತ್ತಿಯೂ ನೋಡದೆ, ಮಕ್ಕಳಿಗೆ ಮಾತ್ರ ಕೇಳಿಸುವಂತೆ ಒಂದು ಅರ್ಥಶಾಸ್ತ್ರದ ಪಾಠವನ್ನು ಹೇಳಿ ಮುಂದೆ ಹೋಗುವುದು ರೂಢಿಯಾಗಿದೆ. ಪಾಠವೇನೋ ಮಕ್ಕಳಿಗೆ ಹೇಳಿದ್ದು. ನೆಲದ ಮೇಲೆ ಕುಳಿತವರಿಗೂ ಅದು ಕೇಳಿಸುತ್ತದೆ.

ದುಡ್ಡು ಬೇಡ, ಬೇಕಾದರೆ ತಿಂಡಿ ಕೊಡಿಸುತ್ತೇನೆ ಎನ್ನುವವರು ಇದಕ್ಕಿಂತ ಮೃದುಹೃದಯರು, ಅವರೊಡನೆ ನನ್ನ ಜಗಳ ಅಷ್ಟು ದೊಡ್ಡದಲ್ಲ. ಆದರೂ ಒಂದು ಮಾತು. ನಂಜನಗೂಡಿನ ದೇವಾಲಯದಲ್ಲಿ ದಾಸೋಹ ನಡೆಯುತ್ತದೆ. ಸುತ್ತೂರಿನಲ್ಲಿ ಜಾತ್ರೆಯ ದಿನಗಳಲ್ಲಿ ಲಕ್ಷಾಂತರ ಜನ ಊಟ ಮಾಡುತ್ತಾರೆ, ಪಂಕ್ತಿಯಲ್ಲಿ ಕುಳಿತವನು ಯಾರು, ಏನು ಉದ್ಯೋಗವೆಂದು ಅಲ್ಲಿ ಯಾರೂ ಕೇಳುವುದಿಲ್ಲ. ಅನ್ನಕ್ಕೆ ಈ ಸೀಮೆಯಲ್ಲಿ ದಾರಿಯುಂಟು. ಅನ್ನವಾದ ಮೇಲೆಯೂ ಮನುಷ್ಯನಿಗೆ ಒಂದು ಸಾಬೂನು ಬೇಕು, ಕೆಮ್ಮಿನ ಔಷಧ ಬೇಕು, ಎಲೆಯಡಿಕೆ ಬೇಕು, ಊರಿನಲ್ಲಿ ಮೊಮ್ಮಗಳು ನೆರೆದರೆ ಒಂದು ಮೊಳ ಹೂವಾದರೂ ಕೊಂಡೊಯ್ಯಬೇಕು. ಇವುಗಳನ್ನು ಬಾಳೆಹಣ್ಣು ಕೊಟ್ಟು ತೀರಿಸಲಾಗದು. ತನಗೆ ಬೇಕಾದುದೇನೆಂದು ತೀರ್ಮಾನಿಸುವ ಸ್ವಾತಂತ್ರ್ಯವನ್ನು ಹಣವೊಂದೇ ಕೊಡುತ್ತದೆ, ಮತ್ತು ಆ ಸ್ವಾತಂತ್ರ್ಯವನ್ನು ಬಡವನಿಗೆ ಕೊಡಲು ನಮಗೆ ಮನಸ್ಸು ಬಾರದು.

ಕುಡಿದುಬಿಟ್ಟರೆ? ಕುಡಿಯುವವರು ಕೆಲವರಿದ್ದಾರೆ, ಅದನ್ನು ಮರೆಮಾಚಬೇಕಾದ ಕಾರಣವಿಲ್ಲ. ಆದರೆ ಈ ರಾಜ್ಯದ ಬೊಕ್ಕಸಕ್ಕೆ ಅಬಕಾರಿಯೊಂದರಿಂದಲೇ ವರ್ಷಕ್ಕೆ 30,000 ಕೋಟಿ ರೂಪಾಯಿಗಳಿಗೂ ಮೀರಿದ ಆದಾಯ ಬರುತ್ತಿದೆ. ಅದನ್ನು ತುಂಬಿದವರಲ್ಲಿ ನಂಜನಗೂಡಿನ ಸಾಲಿನವರು ಎಷ್ಟು ಮಂದಿಯಿದ್ದಾರು? ಸಂಬಳ ಕೊಡುವಾಗ ನೌಕರನು ಕುಡಿಯುವನೇ ಎಂದು ಯಾವ ಧಣಿಯೂ ವಿಚಾರಿಸುವುದಿಲ್ಲ, ಮದುವೆಯ ಮುಯ್ಯಿ ಮಾಡುವಾಗ ಆ ಹಣ ಎಲ್ಲಿಗೆ ಹೋಗುವುದೆಂದು ಯಾರೂ ಕೇಳುವುದಿಲ್ಲ. ಕುಡಿತ ವಿನಾಶಕರವೆಂಬುದು ಸತ್ಯವಾದರೆ ಅದು ಎಲ್ಲರ ವಿಷಯದಲ್ಲಿಯೂ ಸತ್ಯ. ಚಳಿಯಲ್ಲಿ ಅಂಗಡಿಯ ಜಗಲಿಯ ಮೇಲೆ ಮಲಗುವವನ ವಿಷಯದಲ್ಲಿ ಮಾತ್ರ ಅದನ್ನು ನೆನೆಸಿಕೊಳ್ಳುವುದು ಧರ್ಮವಲ್ಲ.

ಸತ್ತ ಭಿಕ್ಷುಕನ ಗಂಟಿನಲ್ಲಿ ಲಕ್ಷ ರೂಪಾಯಿ ಸಿಕ್ಕಿತೆಂಬ ಸುದ್ದಿಯನ್ನು ಆಗಾಗ್ಗೆ ಓದುತ್ತೇವೆ, ಓದಿದ್ದನ್ನು ಮರೆಯದೆ ಹತ್ತು ಜನಕ್ಕೆ ಹೇಳುತ್ತೇವೆ. 2011ರ ಜನಗಣತಿಯಲ್ಲಿ ಈ ದೇಶದ ಭಿಕ್ಷುಕರೂ ಅಲೆಮಾರಿಗಳೂ ಸೇರಿ 4,13,670 ಮಂದಿಯೆಂದು ಎಣಿಕೆಯಾಗಿತ್ತು. ಅವರಲ್ಲಿ ಇಂತಹ ಗಂಟುಳ್ಳವರು ಸರ್ವೇಸಾಧಾರಣವಾಗಿದ್ದರೆ ಅದು ಪತ್ರಿಕೆಯಲ್ಲಿ ಸುದ್ದಿಯಾಗುತ್ತಿರಲಿಲ್ಲ. ಮನೆಯಿಲ್ಲದವನಿಗೆ ಬೀರುವಿಲ್ಲ, ವಿಳಾಸವಿಲ್ಲದವನಿಗೆ ಬ್ಯಾಂಕಿನ ಪುಸ್ತಕ ಸುಲಭವಾಗಿ ಸಿಗದು. ಮೂವತ್ತು ನಲವತ್ತು ವರ್ಷ ಉಳಿಸಿದ್ದನ್ನು ಮೈಗೆ ಕಟ್ಟಿಕೊಂಡು ತಿರುಗದೆ ಅವನು ಮಾಡುವುದೇನು? ನಾಳೆ ಹಾಸಿಗೆ ಹಿಡಿದರೆ ಯಾರೂ ಇಲ್ಲವೆಂಬ ಅಂಜಿಕೆಯಿಂದ ಮಾಡಿದ ಅದೇ ಉಳಿತಾಯವನ್ನು ಗುಮಾಸ್ತನೊಬ್ಬ ಮಾಡಿದ್ದರೆ ನಾವು ಅವನನ್ನು ಜಾಣನೆನ್ನುತ್ತಿದ್ದೆವು.

ಇನ್ನು ಕಾನೂನಿನ ವಿಷಯ. ಮೈಸೂರು ಸಂಸ್ಥಾನವು 1944ರಷ್ಟು ಹಿಂದೆಯೇ ಭಿಕ್ಷಾಟನೆಯನ್ನು ನಿಷೇಧಿಸುವ ಶಾಸನವನ್ನು ಮಾಡಿತ್ತು. ಈಗ ಜಾರಿಯಲ್ಲಿರುವುದು 1975ರ ಕರ್ನಾಟಕ ಭಿಕ್ಷಾಟನೆ ನಿಷೇಧ ಅಧಿನಿಯಮ. ಇದರಂತೆ ಬೇಡುವವನನ್ನು ವಾರಂಟಿಲ್ಲದೆ ಹಿಡಿದು ನಿರಾಶ್ರಿತರ ಪರಿಹಾರ ಕೇಂದ್ರಕ್ಕೆ ಸಾಗಿಸಬಹುದು; ಊರೂರಿನ ಸ್ಥಳೀಯ ಸಂಸ್ಥೆಗಳು ಕಟ್ಟಡ ಮತ್ತು ನಿವೇಶನಗಳ ತೆರಿಗೆಯ ಜೊತೆಗೆ ಶೇ 3ರಷ್ಟು ಭಿಕ್ಷುಕರ ಕರವನ್ನು ವಸೂಲು ಮಾಡಿ ಕೇಂದ್ರ ಪರಿಹಾರ ಸಮಿತಿಗೆ ಸಲ್ಲಿಸತಕ್ಕದ್ದು. ಕರ ಕಟ್ಟಿದ್ದೇನೆ, ಇನ್ನು ಬೀದಿಯಲ್ಲಿ ಯಾಕೆ ಕೊಡಬೇಕು ಎಂದು ಕೇಳುವವರಿಗೆ ನಾನು ಹೇಳುವುದಿಷ್ಟೆ: ವಸೂಲಾದ ಕರ ಸಮಿತಿಗೆ ಮುಟ್ಟದೆ ಬಾಕಿ ಉಳಿದ ಕಥೆ ಈ ರಾಜ್ಯದಲ್ಲಿ ಹೊಸದಲ್ಲ, ಮುಟ್ಟಿದ ಹಣದಿಂದ ನಡೆದ ಬೆಂಗಳೂರಿನ ಮಾಗಡಿ ರಸ್ತೆಯ ಕೇಂದ್ರದಲ್ಲಿ 2010ರ ಆಗಸ್ಟ್ ತಿಂಗಳಿನಲ್ಲಿ ಕೆಲವೇ ದಿನಗಳ ಅಂತರದಲ್ಲಿ ಇಪ್ಪತ್ತಕ್ಕೂ ಹೆಚ್ಚು ನಿವಾಸಿಗಳು ಸತ್ತುಹೋದರು. ಬೀದಿಯಲ್ಲಿ ಬೇಡುತ್ತಿದ್ದಾಗ ಬದುಕಿದ್ದವರು ಆಶ್ರಯದಲ್ಲಿ ಸತ್ತರು. ನಮ್ಮ ಅಜ್ಜಿ ದೂರದಲ್ಲಿ ಪೊಲೀಸಿನವರ ಖಾಕಿ ಕಂಡೊಡನೆ ತಟ್ಟೆಯನ್ನು ಸೆರಗಿನಲ್ಲಿ ಮುಚ್ಚುವುದು ಏತಕ್ಕೆಂದು ಇದನ್ನು ಬಲ್ಲವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಬೊಂಬಾಯಿಯ ಇಂತಹುದೇ ಶಾಸನವನ್ನು ದೆಹಲಿಗೆ ಅನ್ವಯಿಸಿದ್ದರಲ್ಲಿ, ಬೇಡುವುದನ್ನೇ ಅಪರಾಧವೆಂದು ಎಣಿಸುವ ಅಂಶಗಳನ್ನು ದೆಹಲಿಯ ಉಚ್ಚ ನ್ಯಾಯಾಲಯ 2018ರ ಆಗಸ್ಟ್ 8ರಂದು ಅಸಾಂವಿಧಾನಿಕವೆಂದು ತಳ್ಳಿಹಾಕಿತು. ಸಾಂಕ್ರಾಮಿಕದ ನೆಪದಲ್ಲಿ ಭಿಕ್ಷುಕರನ್ನು ಬೀದಿಗಳಿಂದ ತೆರವು ಮಾಡಿಸಬೇಕೆಂಬ ಕೋರಿಕೆ 2021ರ ಜುಲೈನಲ್ಲಿ ಸರ್ವೋಚ್ಚ ನ್ಯಾಯಾಲಯದ ಮುಂದೆ ಬಂದಾಗ ನ್ಯಾಯಮೂರ್ತಿಗಳು ಅದಕ್ಕೆ ಒಪ್ಪದೆ, ಬೇರೆ ಗತಿಯಿದ್ದರೆ ಯಾರೂ ಬೇಡಲು ಬಯಸರೆಂಬ ಅಭಿಪ್ರಾಯವನ್ನಿತ್ತರು. ನಮ್ಮ ಶಾಸನ ಮಾತ್ರ ಇದ್ದಂತೆಯೇ ಇದೆ.

ಮಕ್ಕಳ ವಿಷಯದಲ್ಲಿ ನನ್ನ ವಾದವನ್ನು ನಾನೇ ತಡೆಯುತ್ತೇನೆ. ಮಗುವನ್ನು ಬೇಡಲು ಕಳುಹಿಸಿ ಅದರ ಗಳಿಕೆಯನ್ನು ಕಸಿದುಕೊಳ್ಳುವವರು ಇರುವುದು ನಿಜ, ಅದು ಘೋರವಾದ ಪಾಪ. 2015ರ ಬಾಲನ್ಯಾಯ ಕಾಯಿದೆ ಅಂತಹವರಿಗೆ ಐದು ವರ್ಷದವರೆಗಿನ ಸೆರೆಮನೆಯನ್ನೂ ಒಂದು ಲಕ್ಷ ರೂಪಾಯಿ ದಂಡವನ್ನೂ ವಿಧಿಸಿದೆ. ಮಗು ಕೈ ಚಾಚಿದರೆ ತಿನ್ನಲು ಕೊಡಿ, 1098ಕ್ಕೆ ಕರೆ ಮಾಡಿ, ಬರುವವರು ಬರುವ ತನಕ ಅಲ್ಲಿಯೇ ನಿಲ್ಲಿ. ಆದರೆ ಜಾಲವಿದೆ ಜಾಲವಿದೆ ಎಂದು ಹೇಳುವವರಲ್ಲಿ ಆ ಸಂಖ್ಯೆಗೆ ಒಮ್ಮೆಯಾದರೂ ಕರೆ ಮಾಡಿದವರನ್ನು ನಾನು ಇದುವರೆಗೆ ಕಂಡಿಲ್ಲ. ಮಕ್ಕಳ ಹೆಸರಿನಲ್ಲಿ ಎತ್ತಿದ ಶಂಕೆಯನ್ನು ಎಪ್ಪತ್ತು ವರ್ಷದ ಮುದುಕಿಯ ತಟ್ಟೆಯ ಮೇಲೆ ಕವುಚಿಹಾಕುವುದೇ ಅದರಿಂದ ಆಗುತ್ತಿರುವ ಉಪಯೋಗ.

ಕಾವೇರಿ ಕಪಿಲೆಗಳೊಡನೆ ಗುಪ್ತವಾಗಿ ಸ್ಫಟಿಕ ಸರೋವರವೂ ಕೂಡುವುದೆಂದು ನಂಬುವ ತಿರುಮಕೂಡಲಿನ ಸಂಗಮಕ್ಕೆ ಮೊನ್ನೆ ಆಪ್ತರೊಬ್ಬರ ಅಪರಕರ್ಮದ ಸಲುವಾಗಿ ಹೋಗಿದ್ದೆ. 1989ರಿಂದ ನಡೆದು ಬಂದಿರುವ ಕುಂಭಮೇಳ 2025ರ ಫೆಬ್ರುವರಿ 10ರಿಂದ 12ರವರೆಗೆ ಇದೇ ಮರಳಿನ ಮೇಲೆ ನೆರೆದಿತ್ತು. ಅಂದು ಇರುವೆಗೂ ಜಾಗವಿರಲಿಲ್ಲ, ನಾನು ಹೋದ ದಿನ ನಾಲ್ಕಾರು ಕುಟುಂಬಗಳು ಮಾತ್ರ. ಅಗಸ್ತ್ಯೇಶ್ವರನ ಜೊತೆಗೆ ಭಿಕ್ಷೇಶ್ವರನೆಂಬ ಹೆಸರಿನ ಶಿವನೂ ನೆಲಸಿರುವ ಕ್ಷೇತ್ರವದು. ಕಪಾಲವನ್ನು ಹಿಡಿದು ಮನೆಮನೆಯ ಮುಂದೆ ನಿಂತ ದೇವರನ್ನು ಪೂಜಿಸುವ ಜನ ನಾವು, ನಂಜನಗೂಡಿನ ಪ್ರಾಕಾರದಲ್ಲಿ ಅವನ ಲೀಲಾಮೂರ್ತಿಗಳಿಗೆಲ್ಲ ಕೈಮುಗಿದು ಪ್ರದಕ್ಷಿಣೆ ಬರುತ್ತೇವೆ. ಸೋಪಾನದ ಮೇಲೆ ಪಿಂಡವನ್ನಿಟ್ಟು ಕಾಗೆಗಾಗಿ ಕಾಯುತ್ತಿದ್ದೆವು. ಕಾಗೆ ಬರಲಿಲ್ಲ. ಸತ್ತವರಿಗೆ ಯಾವ ಆಸೆ ಉಳಿದಿದೆಯೋ ಎಂದು ಮನೆಯವರು ಒಬ್ಬೊಬ್ಬರಾಗಿ ಕೈಮುಗಿದು, ಇಂತಹುದನ್ನು ನಡೆಸಿಕೊಡುತ್ತೇವೆ ಬಾ ಎಂದು ಬೇಡಿಕೊಂಡರು. ಮುಕ್ಕಾಲು ಗಂಟೆ ಕಳೆಯಿತು. ಎರಡು ಮೆಟ್ಟಿಲು ಮೇಲೆ, ಮಡಿಚಿದ ಗೋಣಿಚೀಲದ ಮೇಲೆ, ಮುದುಕರೊಬ್ಬರು ಕೈಯನ್ನು ಮೊಣಕಾಲ ಮೇಲೆ ಅಂಗಾತವಿಟ್ಟು ಸದ್ದಿಲ್ಲದೆ ಕುಳಿತಿದ್ದರು. ಕಡೆಗೆ ಕಾಗೆ ಮುಟ್ಟಿತು, ಎಲ್ಲರೂ ನಿಟ್ಟುಸಿರಿಟ್ಟು ಎದ್ದೆವು. ಅವರ ಮುಂದೆ ಹಾದು ಬರುವಾಗ ನಮ್ಮವರಲ್ಲಿ ಒಬ್ಬರು, “ಇವ್ರಿಗೆಲ್ಲ ಕೊಡ್ತಾ ಹೋದ್ರೆ ಮುಗೀತು” ಎಂದರು. ನನ್ನ ಜೇಬಿನಲ್ಲಿಯೂ ಅಂದು ಚಿಲ್ಲರೆಯಿರಲಿಲ್ಲ, ನೂರರ ನೋಟೊಂದಿತ್ತು. ನಾನೂ ಒಂದು ಕ್ಷಣ ತಡೆದು ನಿಂತೆನೆಂಬುದನ್ನು ಇಲ್ಲಿ ಒಪ್ಪಿಕೊಳ್ಳಬೇಕು. ಆಮೇಲೆ ಕೊಟ್ಟೆ. ಅವರು ಅದನ್ನು ಬೆಳಕಿಗೆ ಹಿಡಿದು ನೋಡಿ, “ಬುದ್ಧೀ, ಇದು ನೂರರದು” ಎಂದು ನೆನಪಿಸಿ, ಹಿಂದಕ್ಕೆ ಚಾಚಿದರು.

ನನ್ನ ಓದುಗರಲ್ಲಿ ಬೇಡಿಕೊಳ್ಳುವುದು ಇಷ್ಟು. ನಂಜನಗೂಡಿಗೋ ನರಸೀಪುರಕ್ಕೋ ಮುಂದಿನ ಸಲ ಹೋಗುವಾಗ ಐವತ್ತು ರೂಪಾಯಿಗೆ ಚಿಲ್ಲರೆ ಮಾಡಿಸಿಕೊಳ್ಳಿ. ಬೆಳಗಿನ ಹೊತ್ತು ಹಣ್ಣುಕಾಯಿಯ ಅಂಗಡಿಯವರನ್ನು ಕೇಳಿದರೆ ಕೊಡುತ್ತಾರೆ. ಕೊಡುವಾಗ ನಿಂತು, ಮುಖ ನೋಡಿ ಕೊಡಿ. ಮಕ್ಕಳು ಜೊತೆಗಿದ್ದರೆ ಅವರ ಕೈಯಿಂದಲೇ ಕೊಡಿಸಿ, ಆ ಹೊತ್ತಿನಲ್ಲಿ ಅವರಿಗೆ ಯಾವ ಪಾಠವನ್ನೂ ಹೇಳಬೇಡಿ.